ಎಣ್ಣೆ ಬಿಡಿ ಅಂದಿದ್ದೆ

14 ಅಕ್ಟೋಬರ್, ಮಂಗಳವಾರ. ಹಂಪಾಪುರ.

ರಾತ್ರಿ ಊಟಕ್ಕೆ ಕೂತಿದ್ದೆ. ಒಗ್ಗರಣೆ ವಾಸನೆಗೇ ಎದ್ದು ಬಂದೆ.

ಲಿವರ್ ಕೆಟ್ಟು ಸತ್ತ ನಂಜಯ್ಯನ ಮನೆಗೆ ಇವತ್ತು ಹೋಗಿದ್ದೆ. ಹೆಂಡತಿ ಚಿಕ್ಕಬೀರಮ್ಮ ನನ್ನ ಕೈ ಹಿಡಿದುಕೊಂಡು ಅತ್ತಳು. "ನರ್ಸಮ್ಮಾ, ನೀವ್ ಏಳ್ದಂಗೇ ಮಾಡ್ದೆ ಕಣ್ರವ್ವಾ. ಅವತ್ತಿಂದ ಸಾರಿಗೆ ಒಂದ್ ತೊಟ್ಟು ಎಣ್ಣೆ ಆಕ್ನಿಲ್ಲ. ಬರೀ ಉಪ್ಸಾರು ಇಕ್ದೆ."

ಎಣ್ಣೆ ಪೂರ್ತಿ ಬಿಡಬೇಕು ಅಂತ ಇಬ್ಬರಿಗೂ ಹೇಳಿದ್ದೆ, ನಿಜ. ಈಗ ಎಲ್ಲರೂ ಹೆಂಡಕ್ಕೆ ಎಣ್ಣೆ ಅನ್ನುವವರೇ, ನಾನೂ ಹಾಗೇ ಅಂದೆ. ನಂಜಯ್ಯನಿಗೆ ಅರ್ಥವಾಗಿತ್ತು. ನಕ್ಕಿದ್ದ.

"ಮತ್ತೆ ಕುಡಿಯೋದು?" ಅಂದೆ.

"ಕುಡ್ಯಾಕೆ ಅವ್ರು ಬಾರ್‌ಗೆ ಓಯ್ತಿರ್ನಿಲ್ಲ ಬುಡಿ. ಇಲ್ಲೇ ಸ್ವಾಮಿ ಅಂಗ್ಡೀಲಿ ಪ್ಯಾಕೆಟ್ ತತ್ತಿದ್ರು, ಅಷ್ಟೇಯ."

ಜಗಲಿಯಿಂದಲೇ ಸ್ವಾಮಿಯ ಅಂಗಡಿ ಕಾಣುತ್ತದೆ. ಶಾಂಪೂ, ಟೀಪುಡಿ, ವಿಸ್ಕಿ ಪ್ಯಾಕೆಟ್ಟು, ಎಲ್ಲ ಒಂದೇ ದಾರಕ್ಕೆ ನೇತುಹಾಕಿದ್ದಾನೆ. ಮನೆ ಎದುರು ಸಿಗುವುದು ಅವಳ ಪಾಲಿಗೆ ಹೆಂಡವಲ್ಲ, ಅಂಗಡಿ ಸಾಮಾನು. ಇನ್ನೆಷ್ಟು ಮನೆಗಳಲ್ಲಿ ಒಗ್ಗರಣೆ ನಿಂತು ಪ್ಯಾಕೆಟ್ಟು ನಡೆಯುತ್ತಿದೆಯೋ. ಯಾವ ಪದದಲ್ಲಿ ಹೇಳಲಿ? ಹೇಳಿದರೂ ಆ ದಾರ ಅಲ್ಲೇ ಇರುತ್ತದಲ್ಲ.

ಹೊರಡುವಾಗ ಮೆಲ್ಲಗೆ ಕೇಳಿದಳು: "ನಾಳೆ ತಿಥಿ. ಎಡೆಗೆ ವಡೆ ಕರಿಬೌದಾ, ಎಣ್ಣೇಲಿ?"

"ಕರೀರಮ್ಮ" ಅಂದೆ.

"ಒಂದ್ ಪ್ಯಾಕೆಟ್ಟೂ ಮಡಗ್ತೀನಿ. ಅವ್ರಿಗಿಷ್ಟ."

ಸತ್ತವನಿಗೆ ಬೇಡ ಅಂದು ಏನಾಗಬೇಕು. ಎದುರಂಗಡಿಯಿಂದ ತರುವುದಕ್ಕೆ ಅವಳು ಚಪ್ಪಲಿ ಕೂಡ ಮೆಟ್ಟಬೇಕಾಗಿಲ್ಲ.