ಯೆಸೇನಿಯಾಗೆ ಒಂದು ಹೆಚ್ಚಿಗೆ

ಜನವರಿ 7, ಬೆಳಿಗ್ಗೆ

ಮೊದಲ ಬಾಣಲೆ ಇಳಿಯಿತು. ಜೋಳದ ಹಿಟ್ಟಿಗೆ ಮೊಟ್ಟೆ ತುಂಬಿ ಕರಿದ ಅರೆಪಾ, ಪೂರಿಯಂತೆ ಉಬ್ಬಿ… ಮುಟ್ಟಲಿಲ್ಲ. ಉಪ್ಪು ಕೂಡ ನೋಡಲಿಲ್ಲ. ಗಿರಾಕಿಗಳು ಬೈದರು — ಬೈಯಲಿ. ಕಾರ್ನಿವಲ್ ಮುಗಿಯುವವರೆಗೆ ಬಾಯಿ ಕಟ್ಟಿದ್ದೇನೆ.

ಹೋದ ವರ್ಷ ಮೆರವಣಿಗೆಯ ಅರ್ಧದಲ್ಲೇ ಉಸಿರು ಸಿಕ್ಕದೆ ಆಂಬುಲೆನ್ಸ್ ಹತ್ತಿದವಳು ನಾನು. ಈ ಸಲ ನಮ್ಮ ಕುಂಬಿಯಾ ಕುಣಿತದ ತಂಡದ ಯಜಮಾನಿ ಡೋನ್ಯಾ ಎಡಿಲ್ಮಾ ಕಡ್ಡಿ ಮುರಿದಂತೆ ಹೇಳಿದ್ದಾರೆ: "ಕೊನೇ ತನಕ ನಿಲ್ಲದೆ ಕುಣಿಯೋಳಿಗೇ ಮುಂದಿನ ಸಾಲು. ಫೆಬ್ರವರಿ ಒಂದಕ್ಕೆ ಪರೀಕ್ಷೆ. ನಿನ್ ಕೈಲಿ ಆಗ್ಲಿಲ್ವಾ, ಯೆಸೇನಿಯಾ ನಿಲ್ತಾಳೆ."

ಮುಂದಿನ ಸಾಲಿನ ಗಂಡಸು ನನ್ನ ಗಂಡ ಎಲಿಯೇಸರ್. ಅಂದರೆ ಅವಳು ನನ್ನ ಗಂಡನ ಜೊತೆ. ಬರಾಂಕಿಯಾ ಊರಿಗೆ ಊರೇ ನೋಡುವಾಗ.

ಎದುರುಮನೆಯ ಹೊಸ ಸೊಸೆ ಅವಳು. ದಿನಾ ನನ್ನ ಗಾಡಿ ಮುಂದೆ ಹಾಜರು. ಎರಡು ಅರೆಪಾ, ಮೇಲೆ ಹುಳಿ ಕೆನೆ. ಸೊಂಟ ಮಾತ್ರ ಹಿಡಿಯಷ್ಟು. ತಿಂದದ್ದು ಎಲ್ಲಿಗೆ ಹೋಗುತ್ತದೆ? ದೇವರಿಗೆ ಕಣ್ಣಿಲ್ಲ.

ಜನವರಿ 11

ನದಿ ದಂಡೆಯಲ್ಲಿ ನಡೆದೆ. ವಾಪಸು ಬರುವಾಗ ಹಸಿವಿಗೆ ಕಣ್ಣು ಕತ್ತಲೆ. ಮಧ್ಯಾಹ್ನ ಬೇಯಿಸಿದ ಮರಗೆಣಸು ಅಂಗೈಯಷ್ಟು, ಮೀನು ಒಂದು ತುಂಡು. ಎಲಿಯೇಸರ್ ಎದುರಿಗೇ ಕೂತು ಚಪ್ಪರಿಸಿದ.

"ಒಂದು ಚೂರು ತಿಂದ್ರೆ ಏನಾಗುತ್ತೆ ನಿಂಗೆ?"

"ಒಂದೊಂದೇ ಚೂರು ತಿಂದಲ್ವಾ ಆಂಬುಲೆನ್ಸ್ ಬಂದಿದ್ದು?"

ಆಮೇಲೆ ಹೊಳೆಯಿತು. ನಾನು ಸಣ್ಣಗಾಗುವುದು ನಿಧಾನ. ಅವಳನ್ನು ದಪ್ಪ ಮಾಡುವುದು ಸುಲಭ.

ಜನವರಿ 12

ಯೆಸೇನಿಯಾ ತಟ್ಟೆಗೆ ಮೂರನೆಯದು ಹಾಕಿದೆ. ಪುಕ್ಕಟೆ.

"ಅಯ್ಯೋ, ಸಾಕು ನೂರಿಸಕ್ಕ!"

"ತಿನ್ನೇ. ಹಲ್ಲು ಬಿದ್ಮೇಲೆ ತಿಂತೀಯಾ?"

ತಿಂದಳು. ಅವಳು ಅಗಿಯುವುದನ್ನೇ ನೋಡುತ್ತ ನಿಂತೆ. ಹೊಟ್ಟೆ ತಣ್ಣಗಾಯಿತು.

ಜನವರಿ 23

ಪಾವಾಡೆಯ ಕೊಕ್ಕೆ ಒಳಗೆ ಸರಿಯಿತು. ಡೋಲು ನಿಲ್ಲುವ ತನಕ ಕುಣಿದೆ, ಎದೆ ಹೊಡೆದುಕೊಳ್ಳಲಿಲ್ಲ.

ಯೆಸೇನಿಯಾಳ ರವಿಕೆ ಕಂಕುಳಲ್ಲಿ ಬಿರಿದಿದೆ! ಒಳಗೊಳಗೇ ನಕ್ಕೆ. ಈಗ ಅರೆಪಾ ಜೊತೆ ಮಾಂಸ ತುಂಬಿದ ಮರಗೆಣಸಿನ ಬೋಂಡಾ ಕೂಡ.

"ನಮ್ಮಮ್ಮನೂ ಹೀಗೆ ತಿನ್ನಿಸ್ಲಿಲ್ಲ ಅಕ್ಕ," ಎಂದು ಕಣ್ಣು ಒರೆಸಿಕೊಂಡಳು.

ಚುರುಕ್ ಎಂದಿತು. ಆದರೂ ಇನ್ನೊಂದು ಹಾಕಿದೆ.

ಫೆಬ್ರವರಿ 1

ಗೆದ್ದೆ. ಇಡೀ ದಾರಿ, ಒಂದು ಕಡೆಯೂ ನಿಲ್ಲಲಿಲ್ಲ. ಯೆಸೇನಿಯಾ ಅರ್ಧಕ್ಕೇ ಪಕ್ಕೆ ಹಿಡಿದುಕೊಂಡು ಫುಟ್‌ಪಾತ್ ಮೇಲೆ ಕೂತಳು. ಮುಂದಿನ ಸಾಲಿನವಳು ಕುಣಿಯುವಾಗ ಎತ್ತಿ ಹಿಡಿಯುವ ಮೇಣದಬತ್ತಿಯ ಕಟ್ಟನ್ನು ಡೋನ್ಯಾ ಎಡಿಲ್ಮಾ ನನ್ನ ಕೈಗಿಟ್ಟರು. ನಾನು ಮುಂದೆ. ಅವಳು, ಅವಳ ಗಂಡ ನಮ್ಮ ಹಿಂದಿನ ಸಾಲು.

ಮನೆಗೆ ಬಂದು ಎಲಿಯೇಸರ್‌ನನ್ನು ಕೇಳಿದೆ, "ಹೇಗೆ ಕಾಣ್ತೀನಿ?"

"ಚೆನ್ನಾಗ್ ಕುಣಿದೆ ಬಿಡು. ಕೆನ್ನೆ ಒಂಚೂರು ಒಣಗಿದೆ." ಚಪ್ಪಲಿ ಬಿಚ್ಚುತ್ತ ಅಂದ, "ಆ ಯೆಸೇನಿಯಾನ ನೋಡಿದ್ಯಾ? ಬಂದಾಗ ಕಡ್ಡಿ ಥರ ಇದ್ಲು. ಈಗ ಮೈಕೈ ತುಂಬ್ಕೊಂಡು… ಎಷ್ಟು ಲಕ್ಷಣವಾಗಿದಾಳೆ! ಏನ್ ತಿಂತಾಳೋ!"

ಏನ್ ತಿಂತಾಳೋ!

ಬುಟ್ಟಿಯಲ್ಲಿ ಆರಿದ ಅರೆಪಾ ಇತ್ತು. ಬಾಯಿವರೆಗೆ ತಂದೆ. ವಾಪಸಿಟ್ಟೆ. ಅಷ್ಟು ತಡೆದುಕೊಳ್ಳುವುದು ಈಗ ಬರುತ್ತದೆ. ಅವನ ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಫೆಬ್ರವರಿ 13, ಸಂಜೆ

ಇಷ್ಟು ದಿನ ಬರೆಯಲಿಲ್ಲ. ಬರೆಯುವುದೇನು — ಅವನ ಕಣ್ಣು ಕಾಯುವುದೇ ಕೆಲಸ. ಕುಂಬಿಯಾದಲ್ಲಿ ಗಂಡು ಹೆಣ್ಣಿನ ಸುತ್ತ ತಿರುಗುತ್ತಾನೆ. ಅರ್ಧ ಸುತ್ತು ಅವನ ಮುಖ ಹಿಂದಕ್ಕೆ. ಹಿಂದೆ ಅವಳು. ನಾನು ಮುಂದಿನ ಸಾಲಿನ ಮಹಾರಾಣಿ, ಬೆನ್ನಿಗೆ ಕಣ್ಣಿಲ್ಲ. ಉರಿದು ಹೋಗುತ್ತಿದ್ದೇನೆ.

ಇವತ್ತು ತಡೆಯಲಾಗಲಿಲ್ಲ. ಡೋನ್ಯಾ ಎಡಿಲ್ಮಾ ಹತ್ತಿರ ಹೋದೆ.

"ಯೆಸೇನಿಯಾನ ಮುಂದಿನ ಸಾಲಿಗೆ ತನ್ನಿ. ನನ್ ಪಕ್ಕಕ್ಕೇ."

"ಬಿಸಿಲು ಹೊಡೀತೇನೇ? ಅವಳು ಮುಂದೆ ಬರಬಾರ್ದು ಅಂತ ತಾನೇ ಉಪವಾಸ ಬಿದ್ದಿದ್ದು?"

"ಪಾಪ, ಚಿಕ್ಕೋಳು. ನಾಲ್ಕು ಜನ ಅವಳನ್ನೂ ನೋಡ್ಲಿ."

ಯೆಸೇನಿಯಾ ಓಡಿ ಬಂದು ತಬ್ಬಿಕೊಂಡಳು. ಮೆತ್ತಗಿದ್ದಾಳೆ, ಹಾಳಾದವಳು. "ನಿಮ್ಮಂಥ ದೊಡ್ಡ ಮನಸ್ಸು ಯಾರಿಗಿದೆ ಅಕ್ಕ!"

ನಾಳೆ ಮೆರವಣಿಗೆ. ಎಡಕ್ಕೆ ಎಲಿಯೇಸರ್, ಬಲಕ್ಕೆ ಅವಳು, ನಡುವೆ ನಾನು. ಇಬ್ಬರೂ ಕಣ್ಣಳತೆಯಲ್ಲಿ. ಈಗಷ್ಟೇ ಪಾವಾಡೆ ಉಟ್ಟು ಕನ್ನಡಿ ಮುಂದೆ ನಿಂತೆ. ಎಷ್ಟು ಸಣ್ಣಗಾಗಿದ್ದೇನೆ! ಖುಷಿಯಾಯಿತು. ಆಮೇಲೆ ಲೆಕ್ಕ ಹಾಕಿದೆ… ಹಳೆಯ ಮೈ ಇದ್ದು, ಹೀಗೆ ನಡುವೆ ಅಡ್ಡ ನಿಂತಿದ್ದರೆ, ಅವನಿಗೆ ಅವಳು ಕಾಣುತ್ತಲೇ ಇರಲಿಲ್ಲ.