ಬೋರ್ಡಿನ ಮ್ಯಾಲಿನ ಕೂಸಿನ ಹೆಲ್ಮೆಟ್ ಸರಿ ಇಲ್ಲ

ರಸ್ತಾ ಸುರಕ್ಷಾ ನೋಡಿಕೊಳ್ಳೋ ಮಾನ್ಯ ಸಾಹೇಬರೇ,

ನಿಲಂಗಾ ರಸ್ತಾದ ನಮ್ಮ ನಾಕಾದಾಗ ನೀವು ನಿಲ್ಲಿಸಿದ ದೊಡ್ಡ ಬೋರ್ಡಿನ ಮ್ಯಾಲ ಹೆಲ್ಮೆಟ್ ಹಾಕ್ಕೊಂಡು ನಗೋ ಕೂಸು ಸತ್ತು ಏಳು ತಿಂಗಳಾತು. ಆಕಿ ನಮ್ಮ ಅಣ್ಣ ಭೀಮಶಾನ ಮಗಳು, ಸೀಮಾ. ಐದು ವರ್ಷದಾಕಿ. ಸತ್ತ ದಿನ ಇದೇ ಹೆಲ್ಮೆಟ್ ಹಾಕಿದ್ಳು. ಆಕಿ ಮಾರಿ ಕೆಳಗ ಮರಾಠಿದಾಗ 'ಹೆಲ್ಮೆಟ್ ಹಾಕಿ, ಜೀವ ಉಳಿಸಿ' ಅಂತ ಬರದದ. ಇಳಿಸ್ರಿ ಅಂತ ಮೂರು ಅರ್ಜಿ ಕೊಟ್ಟೀನಿ. ಮೂರಕ್ಕೂ ಶಿಕ್ಕಾ ಬಡದು ಒಳಗ ಇಟ್ಟೀರಿ. ಶಿಕ್ಕಾ ಮಾತ್ರ ಭಾಳ ಚಂದ ಬಡೀತೀರಿ, ಒಂದೂ ಸೊಟ್ಟ ಬಿದ್ದಿಲ್ಲ.

ಅವು ಮರಾಠಿ ಅರ್ಜಿ, ನಮ್ಮೂರು ಮಹಾರಾಷ್ಟ್ರದಾಗ ಬರ್ತದ. ಇದನ್ನ ಕನ್ನಡ ಪೇಪರಿಗೆ ಕಳಸ್ಲಿಕ್ಹತ್ತೀನಿ. ಮರಾಠಿ ಪೇಪರಿನಾಗ ಬಂದ್ರ ಯಾರಾರ ಓದಿ ನಮ್ಮ ವೈನಿಗೆ, ಸೀಮಾನ ಅವ್ವಗ, ಹೇಳ್ತಾರ, ಕನ್ನಡ ಪೇಪರು ನಮ್ಮೂರಿಗೆ ಬರಂಗಿಲ್ಲ. ವೈನಿಗೆ ಯಾಕ ಗೊತ್ತಾಗಬಾರದು ಅಂತ ಮುಂದ ಹೇಳ್ತೀನಿ. ನನಗ ಕನ್ನಡ ಮಾತು ಬರ್ತದ, ಅಕ್ಷರ ಬರಂಗಿಲ್ಲ. ನಾ ಹೇಳಿದ್ದು ಕನ್ನಡ ಕಲತ ನಮ್ಮ ಓಣಿ ದೀಪಾಲಿ ಅಕ್ಕ ಬರದಾಳ, ಒಂದು ಮಾತೂ ತಿದ್ದಬ್ಯಾಡ ಅಂದೀನಿ. ನಿಮಗ ಓದ್ಲಿಕ್ಕೆ ಬರ್ಲಿಲ್ಲಂದ್ರ ಚಿಂತಿ ಬ್ಯಾಡ, ನಿಮ್ಮ ಆಫೀಸಿನ ಸಿಪಾಯಿ ಕನ್ನಡ ಸಾಲಿ ಕಲತಂವನೇ. ಓದಿಸಿಕೊಳ್ರಿ.

ನೆನಪದನ್ರೀ, ನಮ್ಮೂರ ಸಾಲಿಗೆ ಬಂದು ಪೋರರಿಗೆ ಹೆಲ್ಮೆಟ್ ಹಂಚಿದ್ದು? ಎಲ್ಲಾ ಒಂದೇ ಸೈಜು. ಐದು ವರ್ಷದಾಕಿಗೂ ಅದೇ, ಹತ್ತು ವರ್ಷದಂವಗೂ ಅದೇ. ಸರ್ಕಾರದ ಕಣ್ಣಿಗೆ ಮಕ್ಕಳ ತಲಿ ಎಲ್ಲಾ ಒಂದೇ ಅಚ್ಚಿನಾಗ ತಯಾರಾಗಿ ಬರ್ತಾವ ಅಂತ ನಮಗ ಅವತ್ತೇ ಗೊತ್ತಾತು. ಸೀಮಾಗ ನೀವೇ ನಿಮ್ಮ ಕೈಲಿ ಹಾಕಿದ್ರಿ. ಸರಿಯಾಗೇ ಕುಂತಿತ್ತು, ಅಷ್ಟು ಖರೆ. ಆಮ್ಯಾಲ ಫೋಟೋದಂವಾ ಬಂದ. "ಚೆಹರಾ ದಿಸಲಾ ಪಾಯಜೆ" ಅಂದ್ರಿ, ಮಾರಿ ಕಾಣಬೇಕಂತ. ಹೆಲ್ಮೆಟ್ ಹಿಂದಕ್ಕ ಸರಿಸಿದ್ರಿ, ಹಣಿ ಪೂರಾ ಬಯಲಾತು. ಗದ್ದದ ಪಟ್ಟಾ ಬಿಚ್ಚಿಸಿದ್ರಿ, ಅದರ ನೆರಳು ಬೀಳ್ತದಂತ. ಅದೇ ಫೋಟೋ ಬೋರ್ಡಿಗೆ ಬಂತು. ಹಣಿ ಬಯಲು, ಪಟ್ಟಾ ಜೋತಾಡ್ತದ. ನೀವು ದಿನಾ ಅದರ ಮುಂದಿಂದ ಜೀಪಿನಾಗ ಹೋಗ್ತೀರಿ. ಒಂದು ಸಲಾನಾರ ಕಣ್ಣಿಗೆ ಬಿತ್ತೇನ್ರೀ?

ಅವತ್ತಿಂದ ಮನ್ಯಾಗ ದಿನಾ ಜಗಳ. ನಾ ಹೆಲ್ಮೆಟ್ ಮುಂದಕ್ಕ ಎಳೀತಿದ್ದೆ, ಆಕಿ ಹಿಂದಕ್ಕ ನೂಕ್ತಿದ್ಳು.

"ಕಾಕಾ, ಬ್ಯಾಡ. ಸಾಹೇಬ್ರು ಹಿಂಗೇ ಹಾಕ್ಯಾರ."

"ಸಾಹೇಬಗ ಏನ್ ಗೊತ್ತದ?"

"ನಿನಗ ಏನ್ ಗೊತ್ತದ? ನೀ ಸಾಲಿ ಬಿಟ್ಟಂವಾ."

ವೈನಿ ಒಲಿ ಮುಂದ ಕುಂತು ನಗ್ತಿದ್ಳು. ನಾನೂ ನಕ್ಕು ಬಿಡ್ತಿದ್ದೆ. ಎಂಟನೇತ್ತಾ ಬಿಟ್ಟಂವಾ ನಾ, ನೀವು ಖುರ್ಚಿ ಮ್ಯಾಲ ಕುಂತವ್ರು. ಕೂಸು ಯಾರ ಮಾತು ಕೇಳಬೇಕು?

ಈಗ ನಮ್ಮ ತಪ್ಪು ಹೇಳ್ತೀನಿ. ಮುಚ್ಚಿಡಂಗಿಲ್ಲ, ಮುಚ್ಚಿಡೋದು ನಿಮ್ಮ ಕೆಲಸ.

ವೈನಿ ಮಾಳವ್ವಗ ಸೀಮಾಕ್ಕಿಂತ ಮೊದಲು ಎರಡು ಕೂಸು ಹುಟ್ಟಿ ಉಳೀಲಿಲ್ಲ. ಅದಕ್ಕ ಬೀರಪ್ಪಗ ಹರಕಿ ಹೊತ್ತಿದ್ಳು, ಈಕಿಗೆ ಐದು ವರ್ಷ ತುಂಬೋತನಾ ತಲಿಗೆ ಕತ್ತರಿ ಮುಟ್ಟಸಂಗಿಲ್ಲ, ತುಂಬಿದ ಮ್ಯಾಲ ಜಾವಳಾ, ಹುಟ್ಟುಗೂದಲಾ, ನಿನಗೇ ಅಂತ. ಕೂದಲಾ ನಡದ ಮಟಾ ಬೆಳದಿತ್ತು. ವೈನಿ ಅದನ್ನ ಎಣ್ಣಿ ಹಚ್ಚಿ ನೆತ್ತಿ ಮ್ಯಾಲ ಸುತ್ತಿ ಕಟ್ತಿದ್ಳು. ನೀವು ಹೆಲ್ಮೆಟ್ ಹಾಕಿದ್ದು ಆಕಿ ತಲಿಗಲ್ಲ ಸಾಹೇಬರೇ, ಆ ಕೂದಲಿಗೆ.

ಜಾವಳದ ದಿನ ಅಣ್ಣ ಕುರಿ ಹಿಂಡು ಮಂದಿ ಕೈಯಾಗ ಕೊಟ್ಟು ಬಂದಿದ್ದ. ಮುಂಜಾನೆ ನನ್ನ ಗಾಡಿ ಮ್ಯಾಲೇ ಸೀಮಾನ ಬೀರಪ್ಪನ ಗುಡಿಗೆ ಕರಕೊಂಡು ಹೋದೆ, ಹೆಲ್ಮೆಟ್ ಗಟ್ಟಿ ಕುಂತಿತ್ತು. ಗುಡಿ ಮುಂದ ಕೂದಲಾ ಇಳಿಸಿದ್ರು. ಬೋಳು ತಲಿಗೆ ಭಂಡಾರ ಬಳದ್ರು, ತಲಿ ಪೂರಾ ಅರಿಶಿಣ. ಮಧ್ಯಾಹ್ನ ಹೊಂಡೋ ಮುಂದ ಅದೇ ಹೆಲ್ಮೆಟ್ ಇಟ್ಟೆ. ಕೊಡ ಬೋರಲು ಹಾಕಿದಂಗ ಕಣ್ಣಿನ ಮ್ಯಾಲ ಬಿತ್ತು. ಆಕಿ ಒಳಗಿಂದ "ಕಾಕಾ, ಕತ್ತಲಿ ಆತು" ಅಂತ ನಕ್ಕಳು. ಅಲ್ಲಿ ಮೂವತ್ತು ಮಂದಿ ಇದ್ರು, ಎಲ್ಲಾರೂ ನಕ್ಕರು. ನಾ ಹೆಗಲ ಮ್ಯಾಲಿನ ಟವೆಲ್ ಮಡಚಿ ಒಳಗ ತುರುಕಿದೆ. ಕುಂತಂಗ ಕಾಣ್ತು, ಪಟ್ಟಾ ಹಾಕ್ಲಿಲ್ಲ. ಐದು ವರ್ಷ ಎಲ್ಲಾರೂ ಕೂಡಿ ಆಕಿ ಕೂದಲಾ ಅಳದೀವಿ, ತಲಿ ಯಾರೂ ಅಳದಿಲ್ಲ.

ಜೋರಾಗಿ ಹೋಗಿಲ್ಲ. ಎಮ್ಮಿ ಅಡ್ಡ ಬಂತು, ಬ್ರೇಕ್ ಒತ್ತಿದೆ, ಗಾಡಿ ಜಾರ್ತು. ಬಿದ್ದಲ್ಲಿಂದ ತಲಿ ಎತ್ತಿದ್ರ ಮುಂದ ಡಾಂಬರಿನ ಮ್ಯಾಲ ಕೆಂಪು ಹೆಲ್ಮೆಟ್ ಉರುಳ್ಲಿಕ್ಹತ್ತಿತ್ತು. ಸೀಮಾ ಅದರಾಗ ಅದಾಳ ಅಂತ ನಾ ಅದರ ಬೆನ್ನು ಹತ್ತಿ ಓಡಿದೆ. ಆಕಿ ಹೆಸರು ಹಿಡದು ಕರಕೋತ ಓಡಿದೆ. ಹಿಡದು ನೋಡಿದ್ರ ಒಳಗ ಟವೆಲ್ ಇತ್ತು. ಆಕಿ ಹಿಂದ ಗಾಡಿ ಹತ್ರ ಇದ್ಳು. ತಿರುಗಿ ಬರ್ಲಿಕ್ಕೆ ಎಷ್ಟು ಹೊತ್ತಾತೋ ಗೊತ್ತಿಲ್ಲ, ನಾ ಮುಟ್ಟೋದ್ರಾಗ ಆಗಿಹೋಗಿತ್ತು. ಗಾಡಿ ಬಿಟ್ಟೀನಿ ಈಗ, ಎಸ್ಟಿ ಬಸ್ಸಿನಾಗ ತಿರುಗ್ತೀನಿ. ಸೀಟಿನ ಮ್ಯಾಲ ಕುಂತಾಗೂ ನನ್ನ ಕಾಲು ಓಡ್ತಾವ. ಪಕ್ಕದವ್ರು ಚಳಿ ಜ್ವರ ಏನಪಾ ಅಂತ ಕೇಳ್ತಾರ. ಹೆಲ್ಮೆಟಿಗೆ ಒಂದು ಗೀರು ಬಿದ್ದಿಲ್ಲ. ಒಳಗಿನ ಸ್ಪಂಜಿನಾಗ ಭಂಡಾರ ಹತ್ತಿದ್ದು ಎಷ್ಟು ತೊಳದ್ರೂ ಹೋಗಂಗಿಲ್ಲ.

ಪಂಚನಾಮಾದಾಗ ಒಂದು ಖಾನಾ ಅದ, ಹೆಲ್ಮೆಟ್ ಇತ್ತೋ ಇಲ್ಲೋ. ಇತ್ತು ಅಂತ ಬರದ್ರು, ಕೆಲಸ ಮುಗೀತು. ತಲಿಗೆ ಹೊಂದಿತ್ತೋ ಇಲ್ಲೋ, ಪಟ್ಟಾ ಹಾಕಿತ್ತೋ ಇಲ್ಲೋ, ಅದಕ್ಕ ಖಾನಾ ಇಲ್ಲ. ನಿಮ್ಮ ಕಾಗದದ ಪ್ರಕಾರ ಸೀಮಾ ಪೂರಾ ಸುರಕ್ಷಿತ ಇದ್ದು ಸತ್ತಾಳ.

ಇಷ್ಟಾದ ಮ್ಯಾಲೂ ಸುಮ್ಮ ಇರ್ತಿದ್ನೇನೋ. ಹೋದ ತಿಂಗಳು ಉದಗೀರಕ್ಕ ಹೋಗಿದ್ದೆ. ಧನರಾಜ ಅಂತ ನನ್ನ ದೋಸ್ತ ಅಲ್ಲಿ ರಸ್ತಾ ಬಾಜೂಕ ಹೆಲ್ಮೆಟ್ ಮಾರ್ತಾನ. ಒಬ್ಬಂವಾ ಸಣ್ಣ ಮಗಳನ್ನ ಕರಕೊಂಡು ಬಂದ. ದೊಡ್ಡದೊಂದು ಎತ್ತಿ ಆಕಿ ತಲಿ ಮ್ಯಾಲ ಇಟ್ಟು ಹಿಂದಕ್ಕ ಸರಿಸಿದ. ನಾ ಸುಮ್ಮ ಇರ್ಲಿಲ್ಲ.

"ಹಿಂಗಲ್ರೀ ಹಾಕೋದು. ಅದು ಆಕಿ ಸೈಜೂ ಅಲ್ಲ."

"ಎರಡು ವರ್ಷ ಬರ್ಲಿ ಅಂತ ತಗೊಂಡೀನಿ. ಹಾಕೋದು ಹಿಂಗೇ, ನಾಕಾದ ಬೋರ್ಡಿನಾಗ ಪೋರಿ ಹಾಕ್ಯಾಳ ನೋಡಿಲ್ಲೇನು?"

ಧನರಾಜ ಕಣ್ಣು ಕೆಳಗ ಮಾಡಿದ. ಅಂವಗ ಗೊತ್ತದ. "ಸುನಿಲ್ಯಾ, ಹೋಗ್ಲಿ ಬಿಡೋ" ಅಂದ.

ಬಿಡ್ಲಿಲ್ಲ. ರಾಶಿ ಪೂರಾ ಹುಡುಕಿ ಆ ಪೋರಿ ತಲಿಗೆ ಹೊಂದೋದು ತಗದೆ. ಜಡಿ ಬಿಚ್ಚಿಸಿದೆ, ಕೂದಲಾ ಹಿಂದ ಚಪ್ಪಟ ಮಾಡಿದೆ. ಹುಬ್ಬಿನ ಮ್ಯಾಲ ಎರಡು ಬಟ್ಟು ಜಾಗ, ಅದಕ್ಕಿಂತ ಮ್ಯಾಲ ಹೋಗಬಾರದು. ಪಟ್ಟಾ ಹಾಕಿ ಗದ್ದದ ಕೆಳಗ ಒಂದು ಬಟ್ಟು ತೂರಿಸಿ ನೋಡಿದೆ. "ತಲಿ ಅಲ್ಲಾಡ್ಸವ್ವಾ" ಅಂದೆ, ಅಲ್ಲಾಡಿಸಿದ್ಳು, ಹೆಲ್ಮೆಟ್ ತಲಿ ಸಂಗಾಟ ತಿರುಗ್ತು, ತಾನೇ ತಾನು ತಿರುಗ್ಲಿಲ್ಲ. ಇಷ್ಟೇ. ಇದಕ್ಕ ಯಾವ ಸಾಲಿ ಬೇಕು? ಇಷ್ಟು ಕಲೀಲಿಕ್ಕೆ ನಮ್ಮನಿ ಕೂಸು ಹೋಗಬೇಕಾತು. ಅವರಪ್ಪ ನನ್ನ ಹುಚ್ಚನಂಗ ನೋಡಿ, "ಬೋರ್ಡು ಸರ್ಕಾರದ್ದಪಾ, ನಿನ್ನ ಮಾತು ಖರೆ ಏನು, ಅವರದು ಖರೆ ಏನು?" ಅಂದ. ಮೊದಲಿನ ದೊಡ್ಡ ಹೆಲ್ಮೆಟ್ಟೇ ತಗೊಂಡು ಹೋದ.

ಇನ್ನ ವೈನಿ ಮಾತು. ಹರಕಿ ಕೂಸಿನ ಫೋಟೋ ತಗೀಬಾರದು, ದೃಷ್ಟಿ ಆಗ್ತದ ಅಂತ ನಮ್ಮಲ್ಲಿ ಯಾರೂ ತಗದಿಲ್ಲ. ನೀವು ಕೇಳದೇ ತಗದೀರಿ. ಸೀಮಾಂದು ಅದೊಂದೇ ಫೋಟೋ. ವೈನಿ ದಿನಾ ಮುಂಜಾನೆ ನಾಕಾದ ತನಕ ನಡಕೋತ ಹೋಗಿ ಬೋರ್ಡಿನ ಕೆಳಗ ನಿಲ್ತಾಳ. ಅಳಂಗಿಲ್ಲ. ಒಂದಿನ ನಾ ಕರೀಲಿಕ್ಕೆ ಹೋದಾಗ ಕಿವಿ ಹತ್ರ ಹೊರಗ ಬಂದ ಎಳಿ ತೋರಿಸಿ, "ನೋಡೋ, ಇಲ್ಲಿ ಆಕಿಗೆ ಇನ್ನಾ ಕೂದಲಾ ಅದಾವ" ಅಂದ್ಳು.

ಅದಕ್ಕ ಈ ಪತ್ರದ ಸುದ್ದಿ ಆಕಿಗೆ ಗೊತ್ತಾಗಬಾರದು. ಆದ್ರೂ ಕೇಳ್ತೀನಿ, ಬೋರ್ಡು ಇಳಿಸ್ರಿ. ಸರಿಯಾಗಿ ಹೆಲ್ಮೆಟ್ ಹಾಕಿದ ಕೂಸಿನ ಚಿತ್ರ ಹಚ್ಚ್ರಿ, ಮಾರಿ ಅರ್ಧ ಮುಚ್ಚಿದ್ರ ಮುಚ್ಚಲಿ. ಸಾಲ್ಯಾಗ ಹಂಚೋದಿದ್ರ ತಲಿ ಅಳದು ಹಂಚ್ರಿ, ಅಳೀಲಿಕ್ಕೆ ಆಗಂಗಿಲ್ಲಂದ್ರ ಹಂಚಲೇಬ್ಯಾಡ್ರಿ. ನಿಮ್ಮ ಕಾಗದಕ್ಕ ಇನ್ನೊಂದು ಖಾನಾ ಹಾಕ್ರಿ. ಮತ್ತ ಆ ಫೋಟೋ, ಕೆಳಗಿನ ಅಕ್ಷರ ತಗದು, ನಮ್ಮನಿಗೆ ಕೊಡ್ರಿ.

ಇಳಿಸೋದನ್ನ ಮಾತ್ರ ಒಂದು ದಿನ ಮೊದಲು ಹೇಳ್ರಿ. ವೈನಿನ ಮಾಕಣಿ ಊರಿಗೆ, ಆಕಿ ತಂಗಿ ಮನಿಗೆ ಕರಕೊಂಡು ಹೋಗ್ತೀನಿ. ತಿರುಗಿ ಬಂದು ಬರೇ ಕಬ್ಬಿಣ ನೋಡಿ, ಯಾರು ಇಳಿಸಿದ್ರು ಅಂತ ಕೇಳ್ತಾಳ. ನಾನೇ ಇಳಿಸಿದೆ ಅಂತ ಹೇಳ್ತೀನಿ. ನಿಮ್ಮ ಹೆಸರು ತಗಿಯಂಗಿಲ್ಲ.

ಇಂತಿ,
ಕಾಯ್ದಾ ಪ್ರಕಾರ ಎಲ್ಲಾ ಸರಿ ಮಾಡಿದಂವಾ,
ಸುನಿಲ, ವಲಾಂಡಿ ಕಡಿಯಂವಾ