ದೂರು ಕೇಳಲು ಬಂದವರು

ಮಲ್ಲಣ್ಣಾ,

ಸಿಪಾಯಿಗಳ ಹಳೆಯ ದೂರುಗಳನ್ನು ಮತ್ತೆ ವಿಚಾರಿಸಲು ಮದ್ರಾಸಿನಿಂದ ನ್ಯಾಯಾಧೀಶರೊಬ್ಬರು ಊಟಿಗೆ ಬಂದಿದ್ದರು. ನೀನು ತೀರಿಹೋಗಿದ್ದರೂ ನಿನ್ನ ಹೆಸರಾದರೂ ಉಳಿಯಲಿ ಎಂದು ಇವತ್ತು ನಮ್ಮೂರು ಮಂಜೂರಿನಿಂದ ಅವ್ವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಜ್ವರದಲ್ಲಿದ್ದ ನಿನ್ನನ್ನು ಮಂಜಿನಲ್ಲಿ ನಿಲ್ಲಿಸಿದ ಕ್ಯಾಪ್ಟನ್ ಮೇಲೆ ನೀನು ದೂರು ಕೊಟ್ಟದ್ದನ್ನೂ, ಸುಳ್ಳುಗಾರನೆಂದು ನಿನ್ನನ್ನೇ ಪಟಾಲಂನಿಂದ ತೆಗೆದದ್ದನ್ನೂ ಹೇಳಿದೆ.

ನ್ಯಾಯಾಧೀಶರು ಗಮನವಿಟ್ಟು ಕೇಳಿದರು. ಪಕ್ಕದಲ್ಲಿದ್ದ ಮೇಜರ್ ಕಡೆ ತಿರುಗಿ, "ಇದನ್ನು ನೀವೇ ವಿಚಾರಿಸಿ," ಎಂದರು. ಮೇಜರ್ ಎದೆಯ ಮೇಲಿದ್ದ ಹೆಸರನ್ನು ಓದಿದೆ. ನೀನು ಹೇಳಿದ್ದ ಅದೇ ಹೆಸರು. ಅವನಿಗೆ ಬಡ್ತಿ ಸಿಕ್ಕಿದೆ.

ಓದು ಬಾರದ ಅವ್ವ ಅವನಿಗೆ ಕೈ ಮುಗಿದು, "ಎನ್ನ ಮಗ ಸುಳ್ಳುಗಾರ ಅಲ್ಲ, ಸಾಮಿ," ಎಂದಳು. ಅವನು ಹೌದೆಂಬಂತೆ ತಲೆಯಾಡಿಸಿದ.

ಬಸ್ಸಿನಲ್ಲಿ ಅವ್ವ, "ಒಳ್ಳೆ ಮನುಷ್ಯ," ಎಂದಳು.

ಹೂಂ ಅಂದೆ, ಅಣ್ಣಾ.

ಸರೋಜಾ